ಗುಡಾಣದ ಬಾಯಿಯಿಂದ ಬಂದ ದಪ್ಪ ಸ್ವರ

ಮಧುಗಿರಿಯಲ್ಲಿ ಮೊಟ್ಟಮೊದಲು ದಪ್ಪ ತಂತಿಯ ವಾದ್ಯ ಕಟ್ಟಿ, ಅದಕ್ಕೆ ಕರೆಂಟು ಕೊಟ್ಟು ಮೀಟಿದವಳು ನಾನು. ಇದನ್ನು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ನನಗಿಂತ ಮುಂಚೆ ಇನ್ಯಾರಾದರೂ ಇದ್ದರೆ ಬಂದು ಹೇಳಲಿ ಎಂದು ಇಷ್ಟು ವರ್ಷ ಕಾದೆ, ಯಾರೂ ಬರಲಿಲ್ಲ. ಅಂಥ ವಾದ್ಯಕ್ಕೆ ಬೇಸ್ ಗಿಟಾರ್ ಅನ್ನುತ್ತಾರೆ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಈಗಿನವರು ಅದನ್ನು ಅಂಗಡಿಯಿಂದ ತಂದು, ಕಾಲ ಬುಡದಲ್ಲಿ ಬಣ್ಣಬಣ್ಣದ ಪೆಡಲುಗಳನ್ನು ಜೋಡಿಸಿಕೊಂಡು ನುಡಿಸುವುದನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚು ಬರುವುದಿಲ್ಲ. ನಮ್ಮ ಅತ್ತೆಯ ಹುರುಳಿ ಗುಡಾಣದ ಮುಂದೆ ಇದೇನು ಮಹಾ ಅನ್ನಿಸುತ್ತದೆ, ಅಷ್ಟೆ.

ಅರವತ್ತರ ದಶಕದ ಮಾತು. ನಾನು ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕಚೇರಿ ಮುಗಿದ ಮೇಲೆ ಅವರ ಜೀವವೆಲ್ಲ ಗುಂಡಿ ಒತ್ತಿ ತಂತಿ ಮೀಟುವ ಬುಲ್‌ಬುಲ್ ತರಂಗದಲ್ಲಿ. ಪಾವಗಡದ ಕಡೆಯ ಗಾಯಕರೊಬ್ಬರು, ಕೊರಟಗೆರೆಯ ಒಬ್ಬ ತಬಲದವರು ಮತ್ತು ಇವರು ಸೇರಿ ಮದುವೆ ಮನೆಗಳಲ್ಲಿ, ಗಣೇಶನ ಚಪ್ಪರಗಳಲ್ಲಿ ಹಾಡು ನುಡಿಸುತ್ತಿದ್ದರು. ಗಾಯಕರೇ ತಂಡಕ್ಕೆ ಹಿರಿಯರು, ಹಾರ್ಮೋನಿಯಮ್ಮೂ ಅವರದೇ. ಭಾನುವಾರ ಅಭ್ಯಾಸವೆಲ್ಲ ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ. ಕಾಫಿ ಮಾಡಿ ಕೊಡುವವಳು ನಾನು.

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳುವಾಗಲೆಲ್ಲ ನನಗೆ ಏನೋ ಕಡಿಮೆ ಅನ್ನಿಸುತ್ತಿತ್ತು. ಬುಲ್‌ಬುಲ್ ಕಿಣಿಕಿಣಿ ಅನ್ನುತ್ತದೆ, ಹಾರ್ಮೋನಿಯಂ ಕೊಯ್ಯೋ ಅನ್ನುತ್ತದೆ, ಗಾಯಕರು ತಾರಕಕ್ಕೆ ಏರುತ್ತಾರೆ. ಎಲ್ಲವೂ ಮೇಲೆಯೇ ಹಾರಾಡುತ್ತದೆ. ಬರೀ ಸಾರು ಬಡಿಸಿದ ಹಾಗೆ, ತಟ್ಟೆಯಲ್ಲಿ ಮುದ್ದೆಯೇ ಇಲ್ಲ. ಆ ಮುದ್ದೆ ಯಾವುದು ಎಂಬುದು ನನಗೆ ಗೊತ್ತಿತ್ತು. ಟೀಚರ ತರಬೇತಿಗೆಂದು ಬೆಂಗಳೂರಿನಲ್ಲಿದ್ದಾಗ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಉದ್ಯಾನದಲ್ಲಿ ಬ್ಯಾಂಡು ಕೇಳಿದ್ದೆ. ಆಳೆತ್ತರದ ಪಿಟೀಲಿನಂಥ ವಾದ್ಯವನ್ನು ಒಬ್ಬ ನಿಂತುಕೊಂಡೇ ಬೆರಳಲ್ಲಿ ಎಳೆಯುತ್ತಿದ್ದ. ಅದರ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಂತು. ಜೊತೆಯಲ್ಲಿದ್ದ ಗೆಳತಿಯರು ಕಡಲೆಕಾಯಿ ತಿನ್ನುತ್ತ ಮುಂದೆ ಹೋದರು, ನಾನು ಅಲ್ಲೇ ನಿಂತೆ.

ನಮಗೂ ಅಂಥದ್ದು ಬೇಕು ಎಂದು ಯಜಮಾನರಿಗೆ ಹೇಳಿದೆ. ಅವರು ನಕ್ಕು, ಅದನ್ನು ಇಡಲು ನಮ್ಮ ಮನೆಗೆ ಇನ್ನೊಂದು ಅಂಕಣ ಕಟ್ಟಿಸಬೇಕಾಗುತ್ತದೆ ಅಂದರು. ನಕ್ಕಿದ್ದು ನನಗೆ ಸಿಟ್ಟು ಬರಿಸಿತು. ನನ್ನ ಸಿಟ್ಟು ಒಳ್ಳೆಯ ಜಾತಿಯದು, ಬಂದರೆ ಕೆಲಸ ಮಾಡಿಸಿಯೇ ಹೋಗುತ್ತದೆ.

ಬಡವನಹಳ್ಳಿಯಲ್ಲಿ ಗಾಡಿ ಮಾಡುವ ಆಚಾರಿಯೊಬ್ಬರಿದ್ದರು. ಶಾಲೆಯ ಬೆಂಚುಗಳನ್ನು ರಿಪೇರಿ ಮಾಡಿಕೊಟ್ಟ ಪರಿಚಯ. ಸುಣ್ಣದಕಡ್ಡಿಯಲ್ಲಿ ನೆಲದ ಮೇಲೆ ಚಿತ್ರ ಬರೆದು ತೋರಿಸಿದೆ. ಹಳೇ ಗಾಡಿಯ ಮೂಕಿಮರವನ್ನು ಸೀಳಿ ಉದ್ದನೆಯ ಕತ್ತು ಮಾಡಿದರು, ಹಲಸಿನ ಹಲಗೆಯಲ್ಲಿ ಹೊಟ್ಟೆ ಮಾಡಿದರು. ಬಾಣಂತಿ ಕೋಣೆಯ ತೊಟ್ಟಿಲಿನಷ್ಟು ಉದ್ದ ಬಂತು. ಮರವೇನೋ ಆಯಿತು, ತಂತಿಯದೇ ತಾಪತ್ರಯ. ತಂಬೂರಿಯ ಹಿತ್ತಾಳೆ ತಂತಿ ಹಾಕಿದರೆ ಸೊರಗಿದ ಸದ್ದು. ಸೈಕಲ್ ಬ್ರೇಕಿನ ತಂತಿ ಹಾಕಿದರೆ ಬೆರಳು ಕಿತ್ತು ಬಂತು, ಸ್ವರ ಬರಲಿಲ್ಲ.

ಉತ್ತರ ಸಿಕ್ಕಿದ್ದು ಶಿರಾದಲ್ಲಿ. ಅಲ್ಲಿ ಒಬ್ಬರು ರೇಡಿಯೊ ರಿಪೇರಿ ಮಾಡುವ ಸಾಹೇಬರಿದ್ದರು. ನಮ್ಮ ತಂಡದ ಮೈಕು, ಆಂಪ್ಲಿಫೈಯರು ಎಲ್ಲ ಅವರ ಕೈಯಿಂದಲೇ ಬದುಕುತ್ತಿದ್ದವು. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಅನ್ನುತ್ತಿದ್ದರು. ಒಂದು ಸಲ ಅವರ ಅಂಗಡಿಯಲ್ಲಿ ಕೂತಿರುವಾಗ ಪಕ್ಕದ ಓಣಿಯಿಂದ ಅದೇ ಸದ್ದು, ಎದೆಗೂಡಿಗೆ ಬರುವಂಥದ್ದು. ಎದ್ದು ಹೋಗಿ ನೋಡಿದರೆ ಹತ್ತಿ ಹಿಂಜುವವರು. ಮರದ ದೊಡ್ಡ ಬಿಲ್ಲಿಗೆ ಬಿಗಿದ ಹುರಿಯನ್ನು ಕೊಡತಿಯಿಂದ ಬಡಿಯುತ್ತಿದ್ದಾರೆ, ತುಂಯ್ ತುಂಯ್ ಎಂದು ಹತ್ತಿ ಹಾರುತ್ತಿದೆ. ನಾವು ಹುಟ್ಟಿದಾಗಿನಿಂದ ನಮ್ಮ ಹಾಸಿಗೆಗಳಿಗೆ ಹತ್ತಿ ಹಿಂಜಿಸಿಕೊಂಡು ಬಂದವರು. ಅದು ಒಂದು ಸ್ವರ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಆ ಹುರಿಯನ್ನು ಕುರಿಯ ಕರುಳಿನಿಂದ ಹೊಸೆದಿರುತ್ತಾರೆ. ಬೇರೆ ಬೇರೆ ದಪ್ಪದ್ದು ಕೇಳಿ ಕೊಂಡುತಂದೆ.

ಇನ್ನು ನಮ್ಮ ಅತ್ತೆ. ಲಿಂಗಪೂಜೆಯಾಗದೆ ನೀರು ಮುಟ್ಟದ ಹೆಂಗಸು. ಹುರಿ ಯಾತರದು ಎಂದು ಕೇಳಿದರು, ನಾನು ಸುಳ್ಳು ಹೇಳಲಿಲ್ಲ. ಕುರಿ ಕರುಳು ಮನೆಯೊಳಗೆ ಬರುವಂತಿಲ್ಲ ಅಂದರು. ತಬಲದ ಚರ್ಮ ಯಾವ ತೋಟದಲ್ಲಿ ಬೆಳೆಯುತ್ತದೆ ಅತ್ತೆ ಎಂದು ನಾನು ಕೇಳಿದೆ. ಕೊನೆಗೆ ಅದು ದೇವರ ಕೋಣೆಯ ಕಡೆ ಸುಳಿಯಬಾರದು, ಹಿತ್ತಿಲ ಕೋಣೆಯಲ್ಲೇ ಬಿದ್ದಿರಬೇಕು ಎಂದು ರಾಜಿಯಾಯಿತು. ವಾದ್ಯಕ್ಕೆ ಗುಮ್ಮ ಎಂದು ಹೆಸರಿಟ್ಟವರೂ ಅವರೇ.

ಗುಮ್ಮನಿಗೆ ದನಿ ಕೊಡಿಸಿದ್ದು ಚಾಚಾ. ಮೈಕನ್ನು ತಂತಿಯ ಮುಂದೆ ಹಿಡಿದರೆ ಬೆರಳು ಉಜ್ಜುವ ಸದ್ದೇ ಮುಂದಾಗುತ್ತಿತ್ತು. ಅವರು ಹಾಳಾದ ಕರೆಂಟಿನ ಗ್ರಾಮಫೋನಿನಿಂದ ಮುಳ್ಳು ಹಿಡಿಯುವ ತಲೆಯನ್ನು ಬಿಚ್ಚಿ, ಅದರ ಮುಳ್ಳು ವಾದ್ಯದ ಕುದುರೆಗೆ, ಅಂದರೆ ತಂತಿ ಕೂರುವ ಮರದ ತುಂಡಿಗೆ, ಮೆಲ್ಲಗೆ ತಗಲುವಂತೆ ಕಟ್ಟಿದರು. ಅಲ್ಲಿಂದ ವೈರು ಹಳೆಯ ವಾಲ್ವ್ ರೇಡಿಯೊಗೆ. ಈಗ ನುಡಿಸುವವರಿಗೂ ನಾನು ಇದನ್ನೇ ಹೇಳುತ್ತೇನೆ: ದಪ್ಪ ಸ್ವರ ಬೇಕಾದರೆ ಗಾಳಿಯನ್ನು ಕೇಳಬೇಡಿ, ಮರವನ್ನು ಕೇಳಿ.

ಆದರೂ ಸದ್ದು ಟಣ್ ಅನ್ನುತ್ತಿತ್ತು. ತಪ್ಪು ಸ್ಪೀಕರಿನದು. ಮದುವೆ ಮನೆಯ ತುತ್ತೂರಿ ಸ್ಪೀಕರಿನಲ್ಲಿ ದಪ್ಪ ಸ್ವರ ಬರುವುದೇ ಇಲ್ಲ. ರೇಡಿಯೊದ ಒಳಗಿನ ದುಂಡನೆಯ ಸ್ಪೀಕರನ್ನು ಬಿಚ್ಚಿ ಎಲ್ಲೆಲ್ಲೋ ಇಟ್ಟು ನೋಡಿದೆ. ಟ್ರಂಕಿನ ಮೇಲೆ ಇಟ್ಟರೆ ತಗಡು ಅದುರಿತು, ಬುಟ್ಟಿಯ ಮೇಲೆ ಇಟ್ಟರೆ ಏನೂ ಆಗಲಿಲ್ಲ. ಅತ್ತೆ ಹುರುಳಿ ತುಂಬಿಡುವ ಮಣ್ಣಿನ ಗುಡಾಣ ಅವತ್ತು ಖಾಲಿಯಿತ್ತು. ಅದರ ಬಾಯಿಗೆ ಸ್ಪೀಕರ್ ಕವುಚಿ ಹಾಕಿ ತಂತಿ ಎಳೆದೆ. ಗೂಟಕ್ಕೆ ತೂಗುಹಾಕಿದ್ದ ಲಾಟೀನು ಗಡಗಡ ನಡುಗಿತು. ಅಂಗಳದಲ್ಲಿ ಕಾಗೆಗಳು ಎದ್ದವು. ನಾನು ಕೂಗಿದ್ದು ಏನೆಂದು ನೆನಪಿಲ್ಲ, ಅಷ್ಟು ಸಂತೋಷ.

ಸದ್ದು ಗುಡಾಣದೊಳಗೆ ಬಹಳ ಹೊತ್ತು ಸುತ್ತುತ್ತಿದ್ದರೆ ಒಂದು ಸ್ವರ ಇನ್ನೊಂದರ ಮೇಲೆ ಬಿದ್ದು ಕಲಸಿಹೋಗುತ್ತಿತ್ತು. ಅದಕ್ಕೆ ಒಳಗೆ ಹಳೇ ಕಂಬಳಿ ತುಂಡು ಇಳಿಬಿಟ್ಟೆ. ಕಂಬಳಿ ಹೆಚ್ಚಾದರೆ ಒಣ ಸದ್ದು, ಕಡಿಮೆಯಾದರೆ ಬಾವಿಯೊಳಗಿನ ಸದ್ದು, ಹಾಡಿಗೆ ತಕ್ಕಂತೆ ಕೈಹಾಕಿ ಸರಿಮಾಡುವುದು. ಒಂದು ಸಲ ಇಲಿ ಸ್ಪೀಕರಿನ ಕಾಗದ ಕಡಿಯಿತು. ಆಮೇಲೆ ಜೋರಾಗಿ ಮೀಟಿದರೆ ಗುರ್ ಎಂದು ಗೊರಕೆ ಬೆರೆಯುತ್ತಿತ್ತು. ಚಾಚಾ ಅಂಟು ಹಾಕಲು ಬಂದರು, ನಾನು ಬಿಡಲಿಲ್ಲ, ಕೋಪದ ಹಾಡಿಗೆ ಅದು ಚೆನ್ನಾಗಿತ್ತು. ಹೊಲಿಗೆ ಮೆಷಿನ್ನಿನ ಕಾಲುಮಣೆ ಕಂಡಾಗ ಇನ್ನೊಂದು ಯೋಚನೆ ಬಂತು. ರೇಡಿಯೊದ ಮುಳ್ಳು ಓಡಿಸುವ ದಾರವನ್ನು ವಾಲ್ಯೂಮಿನ ಗುಂಡಿಗೆ ಸುತ್ತಿ ಕಾಲುಮಣೆಗೆ ಕಟ್ಟಿದೆವು. ಕಾಲು ಒತ್ತಿದರೆ ಸದ್ದು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇಂಥ ಪೆಡಲು ಅಂಗಡಿಯಲ್ಲಿ ಸಿಗುತ್ತದೆ ಎಂದು ಈಗ ಹೇಳುತ್ತಾರೆ. ಸಿಗಲಿ.

ವಾದ್ಯ ಸಿದ್ಧವಾಯಿತು, ಕೈಯೂ ಕೂತಿತು. ಆಗ ಶುರುವಾಯಿತು ನಿಜವಾದ ಪ್ರಶ್ನೆ. ನುಡಿಸುವವರು ಯಾರು? ನನಗೆ ಅದು ಪ್ರಶ್ನೆಯೇ ಅಲ್ಲ. ಕಟ್ಟಿದವಳು ನಾನು, ಕಲಿತವಳು ನಾನು, ಜನರ ಮುಂದೆ ಕೂತು ನುಡಿಸಬೇಕಾದವಳೂ ನಾನೇ. ಬೇರೆ ಯಾರಿಗೂ ಹಾಗೆ ಅನ್ನಿಸಿರಲಿಲ್ಲ. ಗಾಯಕರಿಗೆ ಗುಮ್ಮನ ಸದ್ದು ಹಿಡಿಸಿತ್ತು. ಆದರೆ ವೇದಿಕೆಯ ಮೇಲೆ ಗಂಡಸು ಕೂರಲಿ, ನೀವು ಮನೆಯಲ್ಲಿ ಪಾಠ ಹೇಳಿಕೊಡಿ ಎಂಬುದು ಅವರ ತೀರ್ಮಾನ.

"ಟೀಚರಮ್ಮ, ನೀವು ಸ್ಟೇಜ್ ಮ್ಯಾಲೆ ಕುಂತ್ರೆ ಜನ ಪಾಟ ಕೇಳ್ತಾರಾ, ಮುಖ ಚೂಸ್ತಾ ಕುಂತ್ಕಂತಾರಾ?" ಎಂದು ಕೇಳಿದರು. ಹಾಡಿಗೆ ಪಾಟ, ನೋಡುತ್ತಾ ಅನ್ನಲು ಚೂಸ್ತಾ ಎಂದು ತೆಲುಗು ಬೆರೆಸಿ ಮಾತಾಡುವುದು ಅವರ ಕಡೆಯ ವಾಡಿಕೆ, ಅದರಲ್ಲಿ ಹಿತವೂ ಇತ್ತು. ಆವತ್ತು ಮಾತ್ರ ಹಿತವೆನಿಸಲಿಲ್ಲ.

ಅತ್ತೆಯ ಮಾತು ಇನ್ನೂ ನೇರ. "ಮಾಡ್ಕೊ, ಬಾರಿಸ್ಕೊ, ಯಾರ್ ಬ್ಯಾಡ ಅಂದ್ರು? ಬೀದಿಗ್ ಮಾತ್ರ ಗೊತ್ತಾಗ್ಬಾರ್ದು ಕಣಮ್ಮ. ಯಾರಾನ ಕೇಳುದ್ರೆ ನನ್ ಮಗ ಬಾರಿಸ್ತಾನೆ ಅಂದಿವ್ನಿ, ನೀನೂ ಅಂಗೇ ಅನ್ನು."

ಹಾಗೆ ನಮ್ಮ ಬೀದಿಯಲ್ಲೆಲ್ಲ ಗುಮ್ಮ ನಮ್ಮ ಯಜಮಾನರ ವಾದ್ಯವಾಯಿತು. ದಾರಿಯಲ್ಲಿ ಸಿಕ್ಕವರು ಅವರ ಬೆನ್ನು ತಟ್ಟುತ್ತಿದ್ದರು. ಅವರು ತಲೆ ತಗ್ಗಿಸಿ ನಗುತ್ತಿದ್ದರು. ಕೆಟ್ಟವರಲ್ಲ ನಮ್ಮವರು, ಆದರೆ ಜಗಳವೆಂದರೆ ಜ್ವರ ಬರುತ್ತಿತ್ತು. ನಾನು ಮನೆಯಲ್ಲಿ ಅದನ್ನು ಹೇಳಿ ಹೇಳಿ ಚುಚ್ಚುತ್ತಿದ್ದೆ. ನನ್ನ ಮನಸ್ಸು ನಿಜವಾಗಿ ನೊಂದಿತ್ತು.

ಅಷ್ಟರಲ್ಲಿ ಶಿರಾದಲ್ಲಿ ಹೆಣ್ಣುಮಕ್ಕಳ ಶಾಲೆಗೆ ಕೊಠಡಿ ಕಟ್ಟಿಸಲು ಊರ ವರ್ತಕರು ಸೇರಿ ಟೆಂಟ್ ಸಿನಿಮಾದಲ್ಲಿ ಒಂದು ಸಂಗೀತದ ಸಂಜೆ ಇಡುತ್ತಾರೆಂದು ಸುದ್ದಿ ಬಂತು. ಅವರಿಗೆ ಮುಖ್ಯಸ್ಥರು ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು. ಯಾರು ನುಡಿಸಬೇಕೆಂಬುದು ಹಾಡು ಕೇಳಿದ ಮೇಲೆಯೇ ತೀರ್ಮಾನ ಅಂದರಂತೆ. ಗಾಯಕರ ಭಾವಮೈದ ಹಡಗಿನ ಕೆಲಸದಲ್ಲಿದ್ದವನು, ರಜೆಗೆ ಬಂದಾಗ ಚಕ್ರದ ಟೇಪ್ ರೆಕಾರ್ಡರ್ ತಂದಿದ್ದ. ಅದರಲ್ಲಿ ನಮ್ಮ ಹಾಡು ಹಿಡಿದು ಶಿರಾಕ್ಕೆ ಕಳಿಸೋಣ ಎಂದಾಯಿತು. ಟೇಪಿನಲ್ಲಿ ಯಾರ ಮುಖವೂ ಕಾಣುವುದಿಲ್ಲವಲ್ಲ, ಆದ್ದರಿಂದ ನುಡಿಸಲು ನನಗೆ ಎಲ್ಲರೂ ಸಂತೋಷವಾಗಿ ಅಪ್ಪಣೆ ಕೊಟ್ಟರು. ಆ ಉದಾರತೆ ನೋಡಿ ಮೈ ಉರಿಯಿತು. ಆದರೂ ಒಪ್ಪಿಕೊಂಡೆ. ಸಾಹುಕಾರರು ಒಮ್ಮೆ ಗುಮ್ಮನನ್ನು ಕೇಳಲಿ, ಆಮೇಲೆ ಅದಿಲ್ಲದೆ ನಮ್ಮನ್ನು ಕರೆಯುವುದಿಲ್ಲ, ಅದು ಬೇಕೆಂದರೆ ನಾನೂ ಬೇಕಾಗುತ್ತದೆ, ಇದು ನನ್ನ ಲೆಕ್ಕ.

ರೆಕಾರ್ಡಿಂಗಿಗೆ ನಾನು ಮಾಡಿದ ಏರ್ಪಾಟಿನಲ್ಲಿ ಈಗಲೂ ಯಾರೂ ತಪ್ಪು ಹುಡುಕಲಾರರು. ಹಿತ್ತಿಲ ಕೋಣೆಯ ಗೋಡೆಗಳಿಗೆಲ್ಲ ಬೀದಿಯವರ ಕಂಬಳಿ ಬೇಡಿ ತಂದು ತೂಗುಹಾಕಿದೆ, ಗೋಡೆ ಸದ್ದನ್ನು ವಾಪಸ್ಸು ಎಸೆಯಬಾರದು. ಹಸುವಿಗೆ ಮೊದಲೇ ಹುಲ್ಲು ಹಾಕಿದೆ, ಗಡಿಯಾರ ನಿಲ್ಲಿಸಿದೆ. ಇದ್ದದ್ದು ಒಂದೇ ಮೈಕು. ಯಾರ ವಾದ್ಯ ಬಿಟ್ಟು ಯಾರದನ್ನು ಹಿಡಿಯುವುದು? ಬುಲ್‌ಬುಲ್ಲನ್ನು ಬಾಗಿಲ ಹೊರಗೆ ಕೂರಿಸಿದೆ, ಅದು ಎಲ್ಲಿದ್ದರೂ ಕೇಳುತ್ತದೆ. ಗಾಯಕರನ್ನು ಮೈಕಿನ ಮುಂದೆ, ಗುಡಾಣವನ್ನು ಅವರ ಬೆನ್ನಹಿಂದೆ ಇಟ್ಟೆ. ಕಚೇರಿಯಿಂದ, ಶಾಲೆಯಿಂದ ಎಲ್ಲರೂ ಬಂದು ಸೇರುವ ಹೊತ್ತಿಗೆ ಸಂಜೆ. ಹಿಡಿದೆವು, ಹಾಕಿ ಕೇಳಿದೆವು. ಗುಮ್ಮ ಕೋಣೆಯಲ್ಲೆಲ್ಲ ತುಂಬಿಕೊಂಡಿದ್ದ. ಗಾಯಕರು ಎರಡನೇ ಸಲ ಹಾಕಿ ಕೇಳಿದರು. ಅದೇ ಅವರ ಹೊಗಳಿಕೆ.

ಮುಂದಿನ ಭಾನುವಾರ ಶಿರಾಕ್ಕೆ ಹೋದೆವು. ಕೂತು ಕೇಳುವುದು ಚಾಚಾರ ಅಂಗಡಿಯಲ್ಲಿ. ಅವರ ಹೆಂಡತಿ ಚಾಚಿಯನ್ನು ನೋಡುವ ನೆಪ ಹೇಳಿ ನಾನೂ ಹೋದೆ. ಅಂಗಡಿಯ ಹಿಂದೆಯೇ ಅವರ ಮನೆ, ನಡುವೆ ಒಂದು ಹಸಿರು ಪರದೆ. ಪರದೆಯ ಈಚೆ ನಾನು, ಚಾಚಿ. ಆಚೆ ಸಾಹುಕಾರರು, ಇನ್ನೂ ಕೆಲವು ವರ್ತಕರು, ನಮ್ಮ ತಂಡದವರು. ಚಾಚಾ ಟೇಪ್ ರೆಕಾರ್ಡರಿನಿಂದ ದೊಡ್ಡ ಸ್ಪೀಕರಿಗೆ ವೈರು ಕೊಟ್ಟು ಗುಂಡಿ ಒತ್ತಿದರು.

ಬಂದದ್ದು ನಮ್ಮ ಹಾಡಲ್ಲ. ಗಾಯಕರ ದನಿ ಮೀಸೆ ಮೂಡದ ಹೈದನ ದನಿಯಾಗಿತ್ತು. ತಬಲ ಕುದುರೆ ಹತ್ತಿ ಓಡುತ್ತಿತ್ತು. ಗುಮ್ಮನಂತೂ ಇರಲೇ ಇಲ್ಲ. ಅವನ ಜಾಗದಲ್ಲಿ ಭಿಕ್ಷೆಗೆ ಬರುವವರ ಒಂಟಿ ತಂತಿಯ ಏಕನಾದದಂತೆ ಏನೋ ಟುಂಯ್ ಟುಂಯ್ ಅನ್ನುತ್ತಿತ್ತು. ವರ್ತಕರು ನಗಲು ಶುರುಮಾಡಿದರು. ಸಾಹುಕಾರರು ಮಾತ್ರ ಸಭ್ಯವಾಗಿ, ಹಾಡು ಪರವಾಗಿಲ್ಲ, ಆ ಟುಂಯ್ ಅನ್ನೋದು ಯಾತಕ್ಕೆ ಎಂದು ಕೇಳಿದರು. ಗಾಯಕರು, ಅದೇನು ಮುಖ್ಯವಲ್ಲ, ಬೇಡವೆಂದರೆ ಬಿಡೋಣ, ನಮ್ಮ ಬುಲ್‌ಬುಲ್ಲಿನವರೇ ಅದನ್ನೂ ನುಡಿಸುವುದು ಎಂದು ಅವಸರದಲ್ಲಿ ಹೇಳಿದರು.

"ಒಂದೇ ಹಾಡ್ನಾಗೆ ಎರಡೆರಡು ವಾದ್ಯ ಬಾರ್ಸಕ್ಕೆ ಈಯಪ್ಪನಿಗೇನು ನಾಕು ಕೈಯಾ?" ಅಂದರು ಸಾಹುಕಾರರು. ನಗು ಇನ್ನೂ ಜೋರಾಯಿತು.

ಪರದೆಯ ಈಚೆ ನಾನು ಎದ್ದು ನಿಂತೆ. ಬೇಡವೆಂದರೆ ಬಿಡೋಣ ಎಂಬ ಮಾತು ಕಿವಿಯಲ್ಲೇ ನಿಂತಿತ್ತು. ಆದರೆ ಆ ಹಾಡು ಕೇಳುತ್ತಾ ಕೇಳುತ್ತಾ ನನಗೆ ಒಂದು ವಿಷಯ ಹೊಳೆಯಿತು. ನಾವು ಹಾಡು ಹಿಡಿದದ್ದು ಬಿಳಿ ಒಂದರ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಬಿಳಿ ಮನೆಯ, ಶ್ರುತಿಯಲ್ಲಿ. ಈಗ ಕೇಳುತ್ತಿರುವುದು ಬಿಳಿ ನಾಲ್ಕನ್ನೂ ದಾಟಿದೆ. ಹಾಡು ಹೆಚ್ಚುಕಮ್ಮಿಯಾಗಿಲ್ಲ, ಟೇಪು ಅವಸರದಲ್ಲಿ ಓಡುತ್ತಿದೆ. ಯಾಕೆ ಓಡುತ್ತಿದೆ? ಚಾಚಾರ ಮನೆಯ ಬಲ್ಬನ್ನು ನೋಡಿದೆ. ಹಗಲಲ್ಲೂ ಹಾಲಿನ ಹಾಗೆ ಬೆಳ್ಳಗೆ ಉರಿಯುತ್ತಿತ್ತು. ನಮ್ಮ ಹಿತ್ತಿಲ ಕೋಣೆಯ ಬಲ್ಬು ಸಂಜೆಯ ಹೊತ್ತು ಹೇಗಿರುತ್ತದೆ? ಸುತ್ತಲಿನ ತೋಟಗಳವರೆಲ್ಲ ಪಂಪು ಹಾಕಿರುತ್ತಾರೆ, ಬಲ್ಬು ಒಲೆಯ ಕೆಂಡದ ಹಾಗೆ ಕೆಂಪಗೆ ಕೂತಿರುತ್ತದೆ. ಅಂಥ ಸೊರಗಿದ ಕರೆಂಟಿನಲ್ಲಿ ಟೇಪಿನ ಮೋಟಾರು ತೆವಳಿಕೊಂಡು ಸುತ್ತಿದೆ. ತೆವಳುತ್ತ ಹಿಡಿದದ್ದನ್ನು ತೆವಳುತ್ತಲೇ ಕೇಳಿದೆವು, ಆದ್ದರಿಂದ ಸರಿಯಾಗಿ ಕೇಳಿಸಿತು. ಇಲ್ಲಿಯ ಗಟ್ಟಿ ಕರೆಂಟಿಗೆ ಹಾಕಿದ ಕೂಡಲೇ ಎಲ್ಲ ಎದ್ದು ಓಡಿತು. ಕಂಬಳಿ ಕಟ್ಟಿ ಹಸುವಿನ ಬಾಯಿ ಕೂಡ ಮುಚ್ಚಿಸಿದವಳು, ತಲೆಯ ಮೇಲಿನ ಬಲ್ಬನ್ನು ನೋಡಿರಲಿಲ್ಲ.

ಚಾಚಿಗೆ ಕನ್ನಡ ಕಮ್ಮಿ. ನನ್ನ ಮುಖ ನೋಡಿ ಏನು ತಿಳಿದುಕೊಂಡರೋ, ಪರದೆಯನ್ನು ತಾವೇ ಒಂದು ಕೈಯಲ್ಲಿ ಸರಿಸಿದರು. ನಾನು ಅಂಗಡಿಯೊಳಗೆ ಹೋದೆ.

ನಮ್ಮ ಯಜಮಾನರು ಅರ್ಧ ಎದ್ದು ಮತ್ತೆ ಕೂತರು. ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯ ಟೀಚರು, ಬುಲ್‌ಬುಲ್ಲಿನವರ ಹೆಂಡತಿ ಎಂದು ಹೇಳಿಕೊಂಡು ನಾನು ಸಾಹುಕಾರರಿಗೆ ಕೈಮುಗಿದೆ.

"ಅದನ್ನ ಬಾರಿಸಿದ್ದು ನಾನು ಸಾಹುಕಾರ್ರೆ. ವಾದ್ಯ ಕಟ್ಟಿದ್ದೂ ನಾನೇ. ನೀವು ಕೇಳಿದ್ದು ನಮ್ಮ ಹಾಡಲ್ಲ, ಒಂದು ಗಳಿಗೆ ಕೂತ್ಕೊಂಡ್ರೆ ನಮ್ಮ ಹಾಡು ಕೇಳಿಸ್ತೀನಿ."

ರೇಡಿಯೊ ರಿಪೇರಿ ಮಾಡುವವರ ಹತ್ತಿರ ಒಂದು ಹಲಗೆ ಇರುತ್ತದೆ. ಹಲಗೆಯ ಮೇಲೆ ಬಲ್ಬಿನ ಹೋಲ್ಡರು. ರಿಪೇರಿಯಾದ ರೇಡಿಯೊ ಸುಟ್ಟುಹೋಗದಿರಲೆಂದು ಕರೆಂಟನ್ನು ಮೊದಲು ಆ ಬಲ್ಬಿನ ಮೂಲಕ ಹಾಯಿಸಿ, ಬಲ ಕಡಿಮೆ ಮಾಡಿ ಕೊಡುತ್ತಾರೆ. ಸೀರೀಸ್ ಬಲ್ಬು ಅನ್ನುವುದು. ಟೇಪನ್ನು ಅದಕ್ಕೆ ಹಾಕಿ ಅಂದೆ. ಚಾಚಾ ಒಮ್ಮೆ ನನ್ನನ್ನು, ಒಮ್ಮೆ ತಮ್ಮ ಬಲ್ಬನ್ನು ನೋಡಿದರು. ಗಡ್ಡದೊಳಗೆ ನಗು ಬಂತು.

ಮೊದಲು ಹಾಕಿದ್ದು ಸಣ್ಣ ಬಲ್ಬು, ಚಕ್ರ ತಿರುಗಲೇ ಇಲ್ಲ. ಅದನ್ನು ತೆಗೆದು ದೊಡ್ಡದು ಹಾಕಿದರು. ಚಕ್ರ ಎಳೆದುಕೊಂಡು ತಿರುಗಿತು, ಹಾಡು ತೀರಾ ಕೆಳಗಿಳಿದು ಗಾಯಕರು ನಿದ್ದೆಯಲ್ಲಿ ಹಾಡಿದಂತಾಯಿತು. ಬೇಕಾದೀತೆಂದು ಗಾಯಕರು ಜೊತೆಗೆ ತಂದಿದ್ದ ಹಾರ್ಮೋನಿಯಂ ತೆಗೆದು ನಾನು ಬಿಳಿ ಒಂದನ್ನು ಒತ್ತಿ ಹಿಡಿದೆ. ಚಾಚಾ ಮೊದಲನೆಯದರ ಪಕ್ಕಕ್ಕೇ ಇನ್ನೊಂದು ಬಲ್ಬು ಜೋಡಿಸಿದರು. ಹಾಡು ಏರಿತು, ಏರಿತು, ಬಂದು ಸರಿಯಾಗಿ ನನ್ನ ಬೆರಳಿನ ಕೆಳಗಿನ ಸ್ವರಕ್ಕೆ ಕೂತಿತು. ಗುಮ್ಮ ಬಂದ. ಗೋಡೆಗೆ ಒರಗಿಸಿದ್ದ ತಗಡಿನ ಹಲಗೆ ಗುಂಯ್ ಅಂದಿತು. ಸ್ವಲ್ಪ ಮುಂಚೆ ನಗುತ್ತಿದ್ದ ಒಬ್ಬ ವರ್ತಕರು ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಕೆಳಗೆ ನೋಡಿದರು.

ಹಾಡು ಮುಗಿದ ಮೇಲೆ ಸಾಹುಕಾರರು ನಮ್ಮ ಯಜಮಾನರ ಕಡೆ ತಿರುಗಿ, ಹಾಗಾದರೆ ನೀನಲ್ಲವೇನಯ್ಯ ನುಡಿಸುವವನು ಎಂದು ಕೇಳಿದರು. ಬೀದಿಯಲ್ಲಿ ತಲೆ ತಗ್ಗಿಸಿ ನಕ್ಕಂತೆ ಇಲ್ಲಿಯೂ ನಕ್ಕುಬಿಟ್ಟರೆ?

"ಅಲ್ಲ ಸಾಹುಕಾರ್ರೆ," ಅಂದರು ನಮ್ಮವರು, ತಲೆ ಎತ್ತಿಯೇ. "ನನಗೆ ಬರೋದು ಬುಲ್‌ಬುಲ್ ಒಂದೇ. ಅದು ಇವಳ್ದು. ನಾನ್ ಕಲಿಯಾಕೆ ನೋಡ್ದೆ, ಬರ್ಲಿಲ್ಲ."

ಕಲಿಯಲು ನೋಡಿದ್ದು ನನಗೇ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ಅವರ ಮೇಲೆ ಬಂದಷ್ಟು ಅಭಿಮಾನ ನನಗೆ ಮದುವೆಯ ದಿನವೂ ಬಂದಿರಲಿಲ್ಲ. ಸಾಹುಕಾರರು ಎದ್ದು ಶಲ್ಯ ಕೊಡವಿದರು. ಹೆಣ್ಣುಮಕ್ಕಳ ಶಾಲೆಗೆಂದು ಮಾಡುವ ಕಾರ್ಯಕ್ರಮ, ಹೆಣ್ಣುಮಕ್ಕಳ ಶಾಲೆಯ ಟೀಚರು ನುಡಿಸಿದರೆ ಬೇಡ ಅನ್ನಲು ನಾವ್ಯಾರು, ಆಯಮ್ಮ ಬರುವುದಾದರೆ ಮಾತ್ರ ಬನ್ನಿ ಅಂದರು. ಗಾಯಕರು ಬಸ್ಸಿನಲ್ಲಿ ಮಧುಗಿರಿಯವರೆಗೂ ಕಿಟಕಿಯ ಆಚೆಯೇ ನೋಡುತ್ತಿದ್ದರು. ಇಳಿಯುವಾಗ ಮಾತ್ರ, ಎರಡನೇ ಹಾಡಿಗೆ ಕಂಬಳಿ ಸ್ವಲ್ಪ ಕಡಿಮೆ ಇರಲಿ ಟೀಚರಮ್ಮ ಅಂದರು.

ಅತ್ತೆಗೆ ಹೇಳುವುದು ಉಳಿದಿತ್ತು. ನಮ್ಮ ಯಜಮಾನರೇ ಹೇಳಿದರು. ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಕೇಳಿಸಿಕೊಂಡರು. ಆಮೇಲೆ ಮಗನನ್ನು ಕೇಳಿದ್ದು ಒಂದೇ ಮಾತು: "ಬೀದೀಲಿ ನಾನಿನ್ನ ಹೆಂಗ್ಲಾ ಮುಖ ತೋರ್ಸ್ಲಿ?" ಅವರು ಸುಳ್ಳು ಹೇಳಿದ್ದು ನನ್ನ ಮರ್ಯಾದೆ ಉಳಿಸಲೆಂದೇ ಎಂಬುದು ನನಗೆ ಗೊತ್ತಿತ್ತು. ನನ್ನ ಮರ್ಯಾದೆ ಇರುವುದು ಬೇರೆ ಕಡೆ ಎಂದು ಅವರಿಗೆ ಹೇಗೆ ಹೇಳುವುದು? ಕಾರ್ಯಕ್ರಮದ ದಿನದವರೆಗೂ ಅವರು ನನ್ನ ಜೊತೆ ಅಡುಗೆಗೆ ಬೇಕಾದಷ್ಟು ಮಾತ್ರ ಮಾತಾಡಿದರು.

ಬರುವುದಿಲ್ಲ ಅಂದಿದ್ದವರು ಆ ದಿನ ಬೆಳಿಗ್ಗೆ ಮಡಿ ಸೀರೆ ಉಟ್ಟು ಬಾಗಿಲಲ್ಲಿ ಕೂತಿದ್ದರು. ನಮ್ಮನ್ನು ನಂಬಿ ಗುಡಾಣ ಕಳಿಸುವುದಿಲ್ಲವಂತೆ, ಅವರ ತವರಿನದಂತೆ ಅದು. ಬಸ್ಸಿನಲ್ಲಿ ಶಿರಾದವರೆಗೂ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದರು. ಕಂಡಕ್ಟರು ಅದಕ್ಕೂ ಟಿಕೇಟು ಕೇಳಿ ಬೈಸಿಕೊಂಡ.

ಸಂಜೆಗೆ ಟೆಂಟು ತುಂಬಿತು. ಟೆಂಟಿನವರದೇ ಡೀಸೆಲ್ ಜನರೇಟರು, ಬಲ್ಬುಗಳು ಕಣ್ಣು ಮಿಟುಕಿಸದೆ ಉರಿಯುತ್ತಿದ್ದವು. ಮೊದಲು ನೋಡಿದ್ದೇ ಅದನ್ನು. ಗಂಡಸರು ಒಂದು ಕಡೆ, ನಡುವೆ ಮೊಣಕಾಲೆತ್ತರದ ಗೋಡೆ, ಹೆಂಗಸರು ಇನ್ನೊಂದು ಕಡೆ. ಬುರ್ಖಾದವರು, ಸೆರಗು ಹೊದ್ದವರು, ಮಕ್ಕಳನ್ನು ಹೊತ್ತವರು, ಎಲ್ಲರ ನಡುವೆ ಮುಂದಿನ ಸಾಲಿನಲ್ಲಿ ನಮ್ಮ ಅತ್ತೆ, ಗುಡಾಣದ ಮೇಲೇ ಕಣ್ಣಿಟ್ಟು. ನಾನು ವೇದಿಕೆ ಹತ್ತಿದಾಗ ಗಂಡಸರ ಕಡೆಯಿಂದ ಗುಜುಗುಜು ಎದ್ದಿತು. ಯಾರೋ ಸಿಳ್ಳೆ ಹಾಕಿದರು. ಗಾಯಕರು ತಮ್ಮ ಕುರ್ಚಿಯನ್ನು ಎಳೆದು ನನ್ನ ಪಕ್ಕಕ್ಕೇ ಹಾಕಿಕೊಂಡು ಕೂತರು, ಸಿಳ್ಳೆ ಹಾಕಿದ ಕಡೆಗೆ ಒಂದು ನೋಟ ಬಿಟ್ಟರು. ನಾನು ಕಾಲುಮಣೆ ಒತ್ತಿದೆ.

ಅವತ್ತು ಗುಮ್ಮ ನುಡಿದ ಹಾಗೆ ಮತ್ತೆ ಯಾವತ್ತೂ ನುಡಿದಿಲ್ಲ. ಟೆಂಟಿನ ಬಟ್ಟೆ ಮಿಡಿಯಿತು, ಮರಳಿನ ಮೇಲೆ ಕೂತ ಮಕ್ಕಳು ನೆಲಕ್ಕೆ ಅಂಗೈಯಿಟ್ಟು ನೋಡಿದರು. ಗಾಯಕರು ಎಂದೂ ಇಳಿಯದಷ್ಟು ಕೆಳಗಿನ ಸ್ವರಕ್ಕೆ ಇಳಿದು ಹಾಡಿದರು, ಇಳಿದರೆ ಹಿಡಿಯಲು ನಾನಿದ್ದೇನೆ ಎಂಬ ಧೈರ್ಯ ಅವರಿಗೆ ಬಂದಿತ್ತು. ಎರಡನೇ ಹಾಡು ಮುಗಿದಾಗ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತು, ಮೂರನೆಯದು ಶುರುವಾಗುವ ಮುಂಚಿನ ಆ ಸದ್ದಿಲ್ಲದ ಗಳಿಗೆಯಲ್ಲಿ ಹೆಂಗಸರ ಕಡೆಯಿಂದ ಒಬ್ಬರು, ನಮ್ಮ ಅತ್ತೆಯನ್ನು ಬಲ್ಲ ಮಧುಗಿರಿಯವರೇ ಇರಬೇಕು, ಅದು ನಿಮ್ಮ ಮಗನ ವಾದ್ಯ ಅಂತಿದ್ದಿರಲ್ಲವ್ವ ಎಂದು ಕೇಳಿದ್ದು ನನಗೆ ವೇದಿಕೆಯ ಮೇಲೆ ಕೇಳಿಸಿತು. ಅತ್ತೆ ತಲೆ ತಗ್ಗಿಸುತ್ತಾರೆ ಅಂದುಕೊಂಡೆ.

ಅತ್ತೆ ಎದ್ದು ನಿಂತರು. ಕೇಳಿದವರಿಗೆ ಮಾತ್ರವಲ್ಲ, ನಡುಗೋಡೆಯ ಆಚೆಯ ಗಂಡಸರಿಗೂ ಕೇಳುವ ಹಾಗೆ ಹೇಳಿದರು.

"ಸುಳ್ಳೇಳಿದ್ದೆ ಕಣವ್ವ. ನನ್ ಮಗಂಗೆಲ್ಲಿ ಬತ್ತದೆ ಅದು? ಕಟ್ಟಿದೋಳೂ ನನ್ ಸೊಸೆ, ಬಾರಿಸ್ತಿರೋಳೂ ನನ್ ಸೊಸೆ. ಸುಮ್ಕೆ ಕುಂತು ಕೇಳ್ರಿ."

ಹೇಳಿ ಕೂತರು. ನನ್ನ ಕಣ್ಣು ತುಂಬಿ ತಂತಿಯೂ ಕಾಣಲಿಲ್ಲ, ಬೆರಳೂ ಕಾಣಲಿಲ್ಲ. ಪಕ್ಕದಿಂದ ಗಾಯಕರು, ಶುರು ಮಾಡೋಣವಾ ಎಂದು ಕೇಳಿದರು. ಮಾಡಿ ಅಂದೆ. ಆ ಮೂರನೇ ಹಾಡನ್ನು ನಾನು ಮೊದಲಿನಿಂದ ಕೊನೆಯವರೆಗೂ ಅಳುತ್ತಲೇ ನುಡಿಸಿದೆ, ಒಂದು ಸ್ವರವೂ ತಪ್ಪಲಿಲ್ಲ.